ಹಗ್ಗದ ಎರಡು ತುದಿಗಳು

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬುದು ಕನ್ನಡದ ಹಳೆಯ ಗಾದೆ. ಹತ್ತಿರ ಹೋದವನಿಗೆ ಕಲ್ಲು, ಮುಳ್ಳು, ಕೊರಕಲುಗಳು ಕಾಣುತ್ತವೆ, ಆಗ ಅವನ ಉತ್ಸಾಹ ಇಳಿದುಹೋಗುತ್ತದೆ ಎಂಬುದು ಅದರ ಇಂಗಿತ. ಆದರೆ ಈ ಗಾದೆಯನ್ನು ತಿರುವಿಹಾಕಿ ನೋಡುವ ಜನರೂ ಲೋಕದಲ್ಲಿ ಉಂಟು. ಬೆಟ್ಟವು ಹತ್ತಿರದಲ್ಲಿಯೂ ನುಣ್ಣಗಿದ್ದರೆ ಅವರಿಗೆ ನಿರಾಶೆ. ಒಂದು ಬಿರುಕು, ಒಂದು ಉಬ್ಬು, ಬೆರಳ ತುದಿಯನ್ನು ಊರುವಷ್ಟು ಒಂದು ಅಂಚು ಕಂಡರೆ ಅವರಿಗೆ ಹಿಗ್ಗು. ಇವರೇ ಶಿಲಾರೋಹಿಗಳು, ಎಂದರೆ ಕಡಿದಾದ ಬಂಡೆಗಳನ್ನು ಹತ್ತುವವರು.

ಇಂಥವರನ್ನು ಕಾಣಲು ಬಹುದೂರ ಹೋಗಬೇಕಾಗಿಲ್ಲ. ಚಳಿಗಾಲದ ದಿನಗಳಲ್ಲಿ ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳ ಬುಡದಲ್ಲಿ ಹೊರದೇಶಗಳಿಂದ ಬಂದ ತರುಣ ತರುಣಿಯರು ಕಾಣಸಿಗುತ್ತಾರೆ. ಚಾಲುಕ್ಯರ ಗುಹೆಗಳನ್ನು ನೋಡಬಂದ ಪ್ರವಾಸಿಗರು ಶಿಲ್ಪಗಳ ಮುಂದೆ ನಿಂತಿದ್ದರೆ, ಇವರು ಶಿಲ್ಪಿಯ ಉಳಿ ತಾಕದ ಬಂಡೆಯ ಮುಂದೆ ನಿಂತು ಅದನ್ನೇ ದಿಟ್ಟಿಸುತ್ತಿರುತ್ತಾರೆ. ಒಬ್ಬನ ಹೆಗಲಿಗೆ ಹಗ್ಗದ ಸುರುಳಿ; ಇನ್ನೊಬ್ಬನ ಸೊಂಟದಲ್ಲಿ ಲೋಹದ ಕೊಂಡಿಗಳ ಗೊಂಚಲು. ಕಡಲು ದಾಟಿ, ಕೈಯ ಹಣವನ್ನು ಖರ್ಚುಮಾಡಿಕೊಂಡು, ಒಂದು ಕಲ್ಲನ್ನು ಹತ್ತಿ ಇಳಿಯುವುದಕ್ಕಾಗಿ ಜನ ಬರುತ್ತಾರೆಯೆ ಎಂದು ನೋಡಿದವರು ಬೆರಗಾಗುವುದು ಸಹಜ. ಗಮನಿಸಿದರೆ ಮತ್ತೊಂದು ಸಂಗತಿಯೂ ತಿಳಿಯುತ್ತದೆ. ಹಗ್ಗ ಹೊತ್ತು ಬಂದವನು ಒಂಟಿಯಾಗಿ ಹತ್ತುವುದು ವಿರಳ. ಅವನ ಜೊತೆಗೆ ಒಬ್ಬ ಗೆಳೆಯನಿರುತ್ತಾನೆ.

ಇದಕ್ಕೆ ಕಾರಣ ಆ ಹಗ್ಗವೇ. ಕಡಿದಾದ ಬಂಡೆಯನ್ನು ಇಬ್ಬರು ಹತ್ತುವ ಕ್ರಮ ಹೀಗಿದೆ. ಒಂದೇ ಹಗ್ಗದ ಎರಡು ತುದಿಗಳನ್ನು ಇಬ್ಬರೂ ತಮ್ಮ ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ. ಒಬ್ಬನು ಮೊದಲು ಹತ್ತುತ್ತಾನೆ. ಇನ್ನೊಬ್ಬನು ಕೆಳಗೆ ಬಂಡೆಗೆ ತನ್ನನ್ನು ಭದ್ರವಾಗಿ ಬಿಗಿದುಕೊಂಡು, ಮೇಲಿನವನಿಗೆ ಬೇಕಾದಷ್ಟು ಹಗ್ಗವನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾನೆ. ಹತ್ತುವವನು ಅಲ್ಲಲ್ಲಿ ಬಂಡೆಯ ಬಿರುಕಿಗೆ ಉಕ್ಕಿನ ಮೊಳೆಯನ್ನು ಬಡಿದು, ಅದಕ್ಕೆ ಕೊಂಡಿ ಸಿಕ್ಕಿಸಿ, ಕೊಂಡಿಯೊಳಗೆ ಹಗ್ಗವನ್ನು ಹಾಯಿಸುತ್ತಾನೆ. ಕೊನೆಯ ಮೊಳೆಗಿಂತ 3 ಮೀಟರ್ ಮೇಲೆ ಅವನ ಕಾಲು ಜಾರಿತು ಎಂದಿಟ್ಟುಕೊಳ್ಳೋಣ. ಅವನು ಮೊಳೆಯವರೆಗೆ 3 ಮೀಟರ್, ಮೊಳೆಯ ಕೆಳಗೆ ಮತ್ತೆ 3 ಮೀಟರ್, ಒಟ್ಟು 6 ಮೀಟರ್ ಬಿದ್ದ ಮೇಲೆಯೇ ಹಗ್ಗ ಬಿಗಿಯುತ್ತದೆ. ಹಾಗೆ ಬಿಗಿಯಬೇಕಾದರೆ ಕೆಳಗಿರುವವನು ಆ ಕ್ಷಣದಲ್ಲಿ ಹಗ್ಗವನ್ನು ಹಿಡಿದಿರಬೇಕು. ನೈಲಾನ್ ಹಗ್ಗ ತುಸು ಹಿಗ್ಗಿ ಏಟಿನ ರಭಸವನ್ನು ತಗ್ಗಿಸುತ್ತದೆ. ಆದರೆ ಎಚ್ಚರ ತಪ್ಪಿದ ಕೈಯನ್ನು ಯಾವ ಹಗ್ಗವೂ ಸರಿಪಡಿಸಲಾರದು. ಮೇಲಿನವನು ಒಂದು ನಿಲುಗಡೆಯನ್ನು ಸೇರಿ ತನ್ನನ್ನು ಬಿಗಿದುಕೊಂಡ ಮೇಲೆ ಕೆಳಗಿನವನ ಸರದಿ. ಅವನು ಮೊಳೆಗಳನ್ನು ಕಿತ್ತುಕೊಳ್ಳುತ್ತಾ ಮೇಲೇರುತ್ತಾನೆ. ಆಗ ಮೇಲಿನವನು ಹಗ್ಗ ಹಿಡಿಯುತ್ತಾನೆ. ಹೀಗೆ ಗಳಿಗೆಗೊಮ್ಮೆ ಒಬ್ಬನ ಪ್ರಾಣ ಇನ್ನೊಬ್ಬನ ಕೈಗೆ ಹೋಗಿ ಬರುತ್ತಿರುತ್ತದೆ.

ಆದುದರಿಂದ ಪರದೇಶದ ಬಂಡೆಯನ್ನು ಹತ್ತಲು ಹೊರಟವನು ಮೊದಲು ಹುಡುಕಬೇಕಾದುದು ಬಂಡೆಯನ್ನಲ್ಲ, ಗೆಳೆಯನನ್ನು. ತನ್ನ ಊರಿನಲ್ಲಿ ಮನುಷ್ಯನಿಗೆ ನೂರು ಆಸರೆಗಳಿರುತ್ತವೆ. ಭಾಷೆ ತನ್ನದು, ನಾಣ್ಯ ತನ್ನದು, ದಾರಿ ತಪ್ಪಿದರೆ ಕೇಳಲು ಪರಿಚಯದ ಮುಖಗಳುಂಟು. ಪರದೇಶದ ನೆಲದ ಮೇಲೆ ಕಾಲಿಟ್ಟ ಕೂಡಲೇ ಈ ಆಸರೆಗಳೆಲ್ಲ ಒಂದೊಂದಾಗಿ ಕಳಚಿಬೀಳುತ್ತವೆ. ಉಳಿಯುವುದು ಜೊತೆಗಾರನೊಬ್ಬನೇ. ಅವನೇ ಆಗ ಊರು, ಅವನೇ ಮನೆ. ಈ ಮಾತು ಎಷ್ಟು ನಿಜ ಎಂಬುದನ್ನು ತಿಳಿಯಲು, 1976ರಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಬಂದ ಇಬ್ಬರು ತರುಣರ ಕಥೆಯನ್ನು ನೋಡಬಹುದು.

ಒಬ್ಬನ ಹೆಸರು ಪೀಟರ್ ಬೋರ್ಡ್‌ಮನ್, ಇನ್ನೊಬ್ಬನ ಹೆಸರು ಜೋ ಟಾಸ್ಕರ್. ಬೋರ್ಡ್‌ಮನ್ನನಿಗೆ ಆಗ 25 ವರ್ಷ, ಟಾಸ್ಕರನಿಗೆ 28. ಬೋರ್ಡ್‌ಮನ್ನನು ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿದವನು. ಟಾಸ್ಕರನು ಹತ್ತು ಮಕ್ಕಳ ಕುಟುಂಬದಲ್ಲಿ ಬೆಳೆದವನು. ಪಾದ್ರಿಯಾಗಬೇಕೆಂದು ಚಿಕ್ಕಂದಿನಲ್ಲಿಯೇ ಧರ್ಮಶಾಲೆಗೆ ಸೇರಿ, ಏಳು ವರ್ಷಗಳ ಮೇಲೆ ಆ ದಾರಿ ತನ್ನದಲ್ಲವೆಂದು ಹೊರಗೆ ಬಂದವನು. ಇಬ್ಬರ ಹಿನ್ನೆಲೆಯೂ ಬೇರೆ, ಸ್ವಭಾವವೂ ಬೇರೆ. ಅವರನ್ನು ಕೂಡಿಸಿದ್ದು ಒಂದು ಪರ್ವತ.

ಆ ಪರ್ವತದ ಹೆಸರು ಚಾಂಗಬಾಂಗ್. ಗಢವಾಲದ ಹಿಮಾಲಯದಲ್ಲಿ, ನಂದಾದೇವಿ ಶಿಖರವನ್ನು ಸುತ್ತುವರಿದ ಪರ್ವತಗಳ ಕೋಟೆಯಲ್ಲಿ ಅದೊಂದು ಬುರುಜು. ಎತ್ತರ 6,864 ಮೀಟರ್. ಗೌರೀಶಂಕರದಂಥ ಮಹಾಶಿಖರಗಳ ಎದುರಿನಲ್ಲಿ ಇದು ದೊಡ್ಡದಲ್ಲ. ಆದರೆ ಅದರ ರೂಪವೇ ಬೇರೆ. ಬಿಳಿಯ ಗ್ರಾನೈಟ್ ಶಿಲೆಯ ಒಂದು ಬೃಹತ್ ಹಲ್ಲು ನೆಲದಿಂದ ಮೇಲೆದ್ದು ನಿಂತಂತೆ ಅದು ಕಾಣುತ್ತದೆ. ಬಿಸಿಲಿನಲ್ಲಿ ಹೊಳೆಯುವುದರಿಂದ ಅದನ್ನು ಹೊಳೆಯುವ ಪರ್ವತವೆಂದೂ ಕರೆಯುತ್ತಾರೆ. 1974ರ ಜೂನ್ 4ರಂದು ಭಾರತ ಮತ್ತು ಬ್ರಿಟನ್ನಿನ ಒಂದು ಜಂಟಿ ತಂಡ ಕ್ರಿಸ್ ಬಾನಿಂಗ್ಟನ್ ಮತ್ತು ಬಲವಂತ್ ಸಂಧು ಅವರ ನೇತೃತ್ವದಲ್ಲಿ ಮೊದಲ ಬಾರಿಗೆ ಅದರ ತುದಿಯನ್ನು ಮುಟ್ಟಿತ್ತು. ಆದರೆ ಅವರು ಹಿಮದ ದಾರಿಯನ್ನು ಹಿಡಿದಿದ್ದರು. ಪಶ್ಚಿಮದ ಮುಖವೆಂದರೆ ನೆಟ್ಟಗೆ ನಿಂತ ಬಂಡೆಯ ಗೋಡೆ. ಅದರ ಕಡೆಗೆ ಯಾರೂ ಕೈಚಾಚಿರಲಿಲ್ಲ.

ಟಾಸ್ಕರನು ಆ ಗೋಡೆಯನ್ನು 1975ರಲ್ಲಿ ಕಂಡಿದ್ದನು. ಆ ವರ್ಷ ಅವನೂ ಡಿಕ್ ರೆನ್‌ಶಾ ಎಂಬ ಗೆಳೆಯನೂ ಒಂದು ಹಳೆಯ ಮೋಟಾರು ವ್ಯಾನಿನಲ್ಲಿ ಇಂಗ್ಲೆಂಡಿನಿಂದ ನೆಲದ ಮಾರ್ಗವಾಗಿಯೇ ಭಾರತಕ್ಕೆ ಬಂದು, ಚಾಂಗಬಾಂಗಿನ ಎದುರಿಗಿರುವ 7,066 ಮೀಟರ್ ಎತ್ತರದ ದುನಾಗಿರಿಯನ್ನು ಇಬ್ಬರೇ ಹತ್ತಿದ್ದರು. ಹತ್ತಿದ್ದು ದೊಡ್ಡದಲ್ಲ, ಇಳಿಯುವಾಗ ಆಹಾರ ತೀರಿತು, ಹಿಮವನ್ನು ಕರಗಿಸಿ ಕುಡಿಯಲು ಉರುವಲೂ ಮುಗಿಯಿತು. ಹಸಿವು ಬಾಯಾರಿಕೆಗಳಲ್ಲಿ ದಿನಗಳನ್ನು ಕಳೆದು ಅವರು ಜೀವಸಹಿತ ಕೆಳಗೆ ಬಂದುದೇ ಹೆಚ್ಚು. ರೆನ್‌ಶಾನ ಬೆರಳುಗಳಿಗೆ ಹಿಮಕಡಿತವಾಯಿತು, ಎಂದರೆ ಕಡುಚಳಿಯಿಂದ ರಕ್ತಸಂಚಾರ ನಿಂತು ಮಾಂಸ ಸತ್ತಂತಾಯಿತು. ಹೀಗಾಗಿ ಮರುವರ್ಷದ ಯಾತ್ರೆಗೆ ಟಾಸ್ಕರನಿಗೆ ಬೇರೊಬ್ಬ ಗೆಳೆಯ ಬೇಕಾಗಿದ್ದನು. ಅವನು ಬೋರ್ಡ್‌ಮನ್ನನನ್ನು ಕೇಳಿದನು.

ಬೋರ್ಡ್‌ಮನ್ನನು ಆಗಲೇ ಹೆಸರಾಗಿದ್ದವನು. 1975ರ ಸೆಪ್ಟೆಂಬರಿನಲ್ಲಿ ಎವರೆಸ್ಟಿನ ನೈಋತ್ಯ ಮುಖವನ್ನು ಏರಿದ ದೊಡ್ಡ ತಂಡದಲ್ಲಿದ್ದು, ಪೆರ್ತೆಂಬಾ ಶೆರ್ಪಾನೊಡನೆ ಶಿಖರವನ್ನು ಮುಟ್ಟಿ ಬಂದಿದ್ದನು. ಆ ತಂಡದ ಹಿಂದೆ ಒಂದು ಬ್ಯಾಂಕಿನ ಹಣವಿತ್ತು, ಮುಂದೆ ಹೊರೆಯಾಳುಗಳ ಸಾಲಿತ್ತು. ಈಗ ಬಂದ ಕರೆಯಲ್ಲಿ ಅದಾವುದೂ ಇರಲಿಲ್ಲ. ಇಬ್ಬರು, ಒಂದಿಷ್ಟು ಹಗ್ಗ, ಒಂದು ಗೋಡೆ, ಇಷ್ಟೇ. ಬಲ್ಲವರು ಅನೇಕರು ಇದು ಆಗದ ಕೆಲಸವೆಂದರು. ಅವನು ಒಪ್ಪಿಕೊಂಡನು.

ಸಿದ್ಧತೆಯಲ್ಲಿ ಒಂದು ವಿನೋದವೂ ಇತ್ತು. ಗೋಡೆಯ ಮೇಲೆ ಮಲಗಲು ಸಮನಾದ ಜಾಗ ಸಿಗದಿರಬಹುದು. ಆಗ ಮೊಳೆಗೆ ಜೋಲಿಯನ್ನು ಕಟ್ಟಿ ಅದರಲ್ಲಿ ನೇತಾಡುತ್ತಲೇ ರಾತ್ರಿಯನ್ನು ಕಳೆಯಬೇಕಾದೀತು. ಆ ಚಳಿಯಲ್ಲಿ ಜೋಲಿ ಉಪಯೋಗಕ್ಕೆ ಬಂದೀತೆ? ಪರೀಕ್ಷಿಸಲು ಇಬ್ಬರೂ ಮ್ಯಾಂಚೆಸ್ಟರಿನ ಮಗ್ಗುಲ ಸಾಲ್‌ಫರ್ಡಿನಲ್ಲಿ ಆಹಾರ ಪದಾರ್ಥಗಳನ್ನು ಹೆಪ್ಪುಗಟ್ಟಿಸಿ ಇಡುವ ಒಂದು ಶೀತಾಗಾರದಲ್ಲಿ ಜೋಲಿ ಕಟ್ಟಿ ಮಲಗಿ ನೋಡಿದರು. ಹೀಗೆ ಚಳಿಯನ್ನು ಅಭ್ಯಾಸ ಮಾಡಿ ಬಂದವರು ಮೊದಲು ಎದುರಿಸಬೇಕಾದುದು ದೆಹಲಿಯ ಸೆಕೆಯನ್ನು! ಅವರು ಬಂದಿಳಿದದ್ದು ಆಗಸ್ಟ್ ತಿಂಗಳ ಕೊನೆಯ ಭಾಗದಲ್ಲಿ. ಉತ್ತರ ಭಾರತದಲ್ಲಿ ಮಳೆಗಾಲ ಇನ್ನೂ ಮುಗಿಯದ, ಗಾಳಿಯಲ್ಲಿ ನೀರು ತುಂಬಿ ಮೈಗೆ ಅಂಟುವ ದಿನಗಳವು.

ವಿಮಾನದಿಂದ ಇಳಿದ ಮಾತ್ರಕ್ಕೆ ಒಂದು ದೇಶವನ್ನು ತಲುಪಿದಂತಾಗುವುದಿಲ್ಲ. ಬರುವುದು ಬೇರೆ, ತಲುಪುವುದು ಬೇರೆ. ಹಿಮಾಲಯಕ್ಕೆ ಬರುವ ಪರದೇಶಿ ಮೊದಲು ಕಚೇರಿಗಳ ಮೆಟ್ಟಿಲುಗಳನ್ನು ಹತ್ತಬೇಕು. ಸರ್ಕಾರದ ಅನುಮತಿ ಬೇಕು. ಭಾರತೀಯ ಪರ್ವತಾರೋಹಣ ಪ್ರತಿಷ್ಠಾನದ ಒಪ್ಪಿಗೆ ಬೇಕು. ಜೊತೆಯಲ್ಲಿ ಒಬ್ಬ ಸಂಪರ್ಕಾಧಿಕಾರಿ ಇರಬೇಕು. ಗಂಟುಮೂಟೆಗಳನ್ನು ಬಿಚ್ಚಿ ಕಟ್ಟಬೇಕು, ತೂಗಬೇಕು, ಅಂಗಡಿಗಳಿಂದ ಅಕ್ಕಿ ಬೇಳೆ ಸಕ್ಕರೆಗಳನ್ನು ಕೊಳ್ಳಬೇಕು. ಶಿಖರದ ಕನಸು ಕಾಣುತ್ತಾ ಬಂದ ತರುಣನಿಗೆ ಈ ಕಾಯುವಿಕೆ ಬೇಸರ ತರುವುದು ಸ್ವಾಭಾವಿಕ. ಆದರೆ ವಿಚಾರಮಾಡಿದರೆ ಇದರಲ್ಲಿ ನ್ಯಾಯವಿದೆ. ಬೆಟ್ಟವು ಯಾರದೋ ನೆಲದ ಮೇಲೆ ನಿಂತಿರುತ್ತದೆ. ಇನ್ನೊಬ್ಬರ ಮನೆಯ ಅಟ್ಟವನ್ನು ಹತ್ತುವವನು ಬಾಗಿಲಲ್ಲಿ ನಿಂತು ಕೇಳಿಯೇ ಹತ್ತಬೇಕಷ್ಟೆ.

ದೆಹಲಿಯಿಂದ ಮುಂದಿನ ಹಾದಿ ಯಾತ್ರಿಕರ ಹಾದಿ. ಋಷಿಕೇಶದಲ್ಲಿ ಬಯಲು ಮುಗಿದು ಬೆಟ್ಟ ಮೊದಲಾಗುತ್ತದೆ. ದೇವಪ್ರಯಾಗದಲ್ಲಿ ಭಾಗೀರಥಿಯೂ ಅಲಕನಂದೆಯೂ ಕೂಡಿ ಗಂಗೆಯೆಂಬ ಹೆಸರನ್ನು ತಳೆಯುತ್ತವೆ. ಅಲ್ಲಿಂದ ರಸ್ತೆಯು ಅಲಕನಂದೆಯ ದಡವನ್ನು ಹಿಡಿದು ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗಗಳನ್ನು ದಾಟಿ ಜೋಶಿಮಠವನ್ನು ಸೇರುತ್ತದೆ. ಒಂದು ಕಡೆ ಕುಸಿಯುವ ಗುಡ್ಡ, ಇನ್ನೊಂದು ಕಡೆ ಮೊರೆಯುವ ಹೊಳೆ. ಜೋಶಿಮಠ ಕನ್ನಡಿಗರಿಗೆ ಅಪರಿಚಿತವಾದ ಹೆಸರಲ್ಲ. ಶಂಕರಾಚಾರ್ಯರು ದಕ್ಷಿಣದಲ್ಲಿ ಶೃಂಗೇರಿಯ ಮಠವನ್ನು ಸ್ಥಾಪಿಸಿದಂತೆ ಉತ್ತರದಲ್ಲಿ ಜ್ಯೋತಿರ್ಮಠವನ್ನು ಸ್ಥಾಪಿಸಿದರೆಂದು ಸಂಪ್ರದಾಯ ಹೇಳುತ್ತದೆ. ಬದರಿಯ ಯಾತ್ರಿಕರು ಇಲ್ಲಿಂದ ಉತ್ತರಕ್ಕೆ ತಿರುಗುತ್ತಾರೆ. ನಂದಾದೇವಿಯ ಕಡೆ ಹೋಗುವವರು ಧೌಲಿಗಂಗೆಯ ಕಣಿವೆಯನ್ನು ಹಿಡಿಯುತ್ತಾರೆ.

ಆ ಕಣಿವೆಯಲ್ಲಿ ಋಷಿಗಂಗೆಯು ಧೌಲಿಗಂಗೆಯನ್ನು ಸೇರುವಲ್ಲಿ ರೇಣಿ ಎಂಬ ಹಳ್ಳಿ, ಅದರಾಚೆ ಲಾತಾ. ಲಾತಾದಲ್ಲಿ ಹುಟ್ಟಿ ರೇಣಿಗೆ ಸೊಸೆಯಾಗಿ ಬಂದ ಗೌರಾದೇವಿಯೆಂಬ ಹೆಂಗಸು ಹಳ್ಳಿಯ ಇತರ ಹೆಂಗಸರನ್ನು ಕೂಡಿಕೊಂಡು, 1974ರ ಮಾರ್ಚ್‌ನಲ್ಲಿ ಮರ ಕಡಿಯಲು ಬಂದವರನ್ನು ತಡೆದು ನಿಲ್ಲಿಸಿದ್ದಳು. ಚಿಪ್ಕೊ ಚಳವಳಿಗೆ ಹೆಸರು ತಂದ ಘಟನೆ ಅದು. ಇಂಗ್ಲೆಂಡಿನ ಗೆಳೆಯರು ಈ ಹಾದಿಯಲ್ಲಿ ಬಂದದ್ದು ಅದಾದ ಎರಡು ವರ್ಷಗಳ ಮೇಲೆ. ಲಾತಾದಿಂದ ಪರ್ವತದ ಕಡೆಗೆ ರಸ್ತೆಯಿಲ್ಲ; ನಡೆಯಬೇಕು. ಹೊರೆಗಳನ್ನು ಹೊರಲು ಆ ಸೀಮೆಯ ಆಳುಗಳು ಬೇಕು. ಇಳಿಜಾರಿನಲ್ಲಿ ಕಾಲು ಎಲ್ಲಿ ಊರಬೇಕು, ಹೊಳೆಯನ್ನು ಎಲ್ಲಿ ದಾಟಬೇಕು, ಮೋಡ ಯಾವಾಗ ಮಳೆಯಾದೀತು ಎಂಬುದನ್ನು ಬಲ್ಲವರು ಅವರೇ. ಆ ಪರ್ವತವನ್ನು ಇಬ್ಬರೇ ಹತ್ತಿದರು ಎಂದು ಇತಿಹಾಸ ಹೇಳುತ್ತದೆ. ಅದು ಸುಳ್ಳಲ್ಲ, ಆದರೆ ಬುಡದವರೆಗೆ ಅವರನ್ನು ಮುಟ್ಟಿಸಿದ ಹೆಗಲುಗಳು ಬೇರೆಯವರವು.

ಹಲವು ದಿನಗಳ ನಡಿಗೆಯ ಮೇಲೆ ರಮಣಿ ಹಿಮನದಿಯ ಬದಿಯಲ್ಲಿ ಬೀಡು ಬಿಟ್ಟಿತು. ಹೊರೆಯಾಳುಗಳು ಹಿಂದಿರುಗಿದರು. ಒಂದು ಕಡೆ ಚಾಂಗಬಾಂಗ್, ಇನ್ನೊಂದು ಕಡೆ ದುನಾಗಿರಿ. ಲಕ್ಷ್ಮಣನ ಪ್ರಾಣವನ್ನು ಉಳಿಸಲು ಹನುಮಂತನು ಸಂಜೀವಿನಿಗಾಗಿ ಕಿತ್ತೊಯ್ದ ಬೆಟ್ಟ ಈ ದ್ರೋಣಗಿರಿಯೇ ಎಂಬ ನಂಬಿಕೆ ಆ ಪ್ರಾಂತದಲ್ಲಿದೆ. ತಮ್ಮ ಬೆಟ್ಟವನ್ನು ಒಯ್ದನೆಂಬ ಮುನಿಸಿನಿಂದ ಅಲ್ಲಿನ ದ್ರೋಣಗಿರಿ ಎಂಬ ಹಳ್ಳಿಯ ಜನ ಇಂದಿಗೂ ಹನುಮಂತನನ್ನು ಪೂಜಿಸುವುದಿಲ್ಲ.

ಇಲ್ಲಿಗೆ ಬಂದ ಮೇಲೆಯೇ ಇಬ್ಬರು ಗೆಳೆಯರು ಒಬ್ಬರನ್ನೊಬ್ಬರು ನಿಜವಾಗಿ ತಲುಪುವ ಕೆಲಸ ಮೊದಲಾಯಿತೆನ್ನಬೇಕು. ಅವರು ಬಾಲ್ಯದ ಗೆಳೆಯರಲ್ಲ. ಒಬ್ಬನ ಸಾಮರ್ಥ್ಯವನ್ನು ಇನ್ನೊಬ್ಬನು ಬಲ್ಲವನೇ ಹೊರತು ಮನಸ್ಸನ್ನು ಬಲ್ಲವನಲ್ಲ. ಪುಟ್ಟ ಗುಡಾರದಲ್ಲಿ ವಾರಗಟ್ಟಲೆ ಇಬ್ಬರೇ ಇರುವುದೆಂದರೆ ಸಾಮಾನ್ಯವಲ್ಲ. ಬೆಳಗಿನ ಚಳಿಯಲ್ಲಿ ಮೊದಲು ಎದ್ದು ಸ್ಟೌ ಹೊತ್ತಿಸುವವರು ಯಾರು, ಭಾರದ ಚೀಲ ಯಾರದು, ಮುಂದೆ ಹತ್ತುವ ಸರದಿ ಯಾರದು ಎಂಬಂಥ ಸಣ್ಣ ಮಾತುಗಳೇ ಅಲ್ಲಿ ಬಂಡೆಯಷ್ಟು ದೊಡ್ಡವಾಗುತ್ತವೆ. ಇಬ್ಬರ ನಡುವೆ ಪೈಪೋಟಿಯಿತ್ತು; ಕಿರಿಕಿರಿಯೂ ಇತ್ತು. ಅದನ್ನು ಅವರು ಮುಂದೆ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಆದರೆ ಹಗ್ಗವು ಜಗಳಕ್ಕೆ ಹೆಚ್ಚು ಅವಕಾಶವನ್ನು ಕೊಡುವುದಿಲ್ಲ. ನಿನ್ನೆ ಮುನಿಸಿಕೊಂಡವನ ಕೈಗೇ ಇಂದು ಪ್ರಾಣವನ್ನು ಒಪ್ಪಿಸಬೇಕು, ಒಪ್ಪಿಸಿದವನನ್ನು ಕಾಯಲೇಬೇಕು. ಹೀಗೆ ನಂಬಿಕೆಯು ಮಾತಿನಿಂದಲ್ಲ, ದಿನದಿನದ ಕೆಲಸದಿಂದ ಬೆಳೆಯಿತು.

ಬಂಡೆ ಅವರನ್ನು ಸುಲಭವಾಗಿ ಒಳಗೆ ಬಿಡಲಿಲ್ಲ. ಸುಮಾರು 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದಲ್ಲಿರುವುದರ ಅರ್ಧದಷ್ಟಕ್ಕೆ ಇಳಿಯುತ್ತದೆ. ನಾಲ್ಕು ಹೆಜ್ಜೆಗೆ ಏದುಸಿರು ಬರುವ ಅಂಥ ಎತ್ತರದಲ್ಲಿ ಬೆರಳುಗಳ ಬಲದಿಂದ ಗೋಡೆಯನ್ನು ಏರಬೇಕು. ಗ್ರಾನೈಟ್ ಗಟ್ಟಿಯಾದ ಕಲ್ಲು. ಅದರ ಬಿರುಕುಗಳಲ್ಲಿ ಮೊಳೆ ಭದ್ರವಾಗಿ ನಿಲ್ಲುತ್ತದೆ. ಆದರೆ ಕೈಗವಸು ತೊಟ್ಟರೆ ಹಿಡಿತ ಸಿಗದು, ತೆಗೆದರೆ ಕೈ ಮರಗಟ್ಟುತ್ತದೆ. ಮೊದಲ ದೊಡ್ಡ ಪ್ರಯತ್ನದಲ್ಲಿ ಅವರು ಕೆಲವು ರಾತ್ರಿಗಳನ್ನು ಜೋಲಿಗಳಲ್ಲಿಯೇ ಕಳೆದರು. ಶೀತಾಗಾರದಲ್ಲಿ ಗಾಳಿ ಬೀಸುವುದಿಲ್ಲ, ಇಲ್ಲಿ ಬೀಸುತ್ತಿತ್ತು. ತೂಗಾಡುವ ಜೋಲಿಯಲ್ಲಿ ಹಿಮ ಕರಗಿಸಿ ನೀರು ಕಾಯಿಸುವುದೇ ದುಸ್ತರವಾಯಿತು. ಮೈಯ ಕಾವೂ ಕೈಯ ಕಸುವೂ ಇಳಿಯುತ್ತಾ ಬಂದು, ಕಡೆಗೆ ಅವರು ಹಿಂದಿರುಗಬೇಕಾಯಿತು.

ಹಿಂದಿರುಗುವುದು ಸೋಲಲ್ಲ ಎಂದು ಬಾಯಿಮಾತಿಗೆ ಹೇಳುವುದು ಸುಲಭ. ತಿಂಗಳುಗಳ ಸಿದ್ಧತೆ, ಸಾವಿರಾರು ಮೈಲಿಗಳ ಪ್ರಯಾಣ, ಬಲ್ಲವರ ಎಚ್ಚರಿಕೆ, ಇವೆಲ್ಲ ನೆನಪಿರುವಾಗ ಗೋಡೆಗೆ ಬೆನ್ನು ತಿರುಗಿಸುವುದು ಕಷ್ಟ. ಅಂಥ ವೇಳೆಯಲ್ಲಿ ಒಬ್ಬನು ಹಟಮಾರಿಯಾದರೆ ಇಬ್ಬರೂ ಕೆಡುತ್ತಾರೆ; ಒಬ್ಬನು ಪೂರಾ ಕೈಚೆಲ್ಲಿದರೂ ಇಬ್ಬರ ಕೆಲಸವೂ ಕೆಡುತ್ತದೆ. ಅವರು ಬೀಡಿಗೆ ಇಳಿದರು, ಉಂಡರು, ಮಲಗಿದರು, ತಮ್ಮ ವಿಧಾನವನ್ನು ಬದಲಿಸಿಕೊಂಡರು. ಈ ಬಾರಿ ಜೋಲಿಯನ್ನು ನೆಚ್ಚಲಿಲ್ಲ. ಹತ್ತಿದ ಭಾಗಕ್ಕೆ ಹಗ್ಗಗಳನ್ನು ಕಟ್ಟಿ ಬಿಟ್ಟು, ಗೋಡೆಯ ನಡುವಿನ ಹಿಮದ ಇಳಿಜಾರಿನಲ್ಲಿ ಪುಟ್ಟ ಗುಡಾರವನ್ನು ಹೂಡಿ, ಅಲ್ಲಿಂದ ಮೇಲಿನ ಗೋಡೆಯನ್ನು ಕೈಗೆತ್ತಿಕೊಂಡರು. 1976ರ ಅಕ್ಟೋಬರ್ 15ರಂದು ಇಬ್ಬರೂ ಚಾಂಗಬಾಂಗಿನ ತುದಿಯಲ್ಲಿ ನಿಂತರು. ಹಿಮಾಲಯದಲ್ಲಿ ಅಷ್ಟು ಕಠಿಣವಾದ ಬಂಡೆಯ ಗೋಡೆಯನ್ನು ಇಬ್ಬರೇ ಏರಿದ್ದು ಪರ್ವತಾರೋಹಣದ ಚರಿತ್ರೆಯಲ್ಲಿ ಒಂದು ಹೊಸ ಮಾತಾಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಒಂದು ಸಾಹಸದ ಕಥೆ ಮಾತ್ರ ಆಗುತ್ತಿತ್ತು. ದಣಿದು ಕೆಳಗಿಳಿದು ಬಂದ ಅವರಿಗೆ ಬೀಡಿನಲ್ಲಿ ಕಾದಿದ್ದುದು ಒಂದು ದುಃಖದ ಸುದ್ದಿ. ಅದೇ ಋತುವಿನಲ್ಲಿ ದುನಾಗಿರಿಯನ್ನು ಹತ್ತಲು ಬಂದಿದ್ದ ಅಮೆರಿಕದ ಒಂದು ತಂಡದ ನಾಲ್ವರು ಬಿದ್ದು ಸತ್ತಿದ್ದರು. ಅವರೂ ಕಡಲಾಚೆಯಿಂದ ಬಂದವರೇ. ಅವರೂ ಒಬ್ಬರ ಕೈಯಲ್ಲಿ ಒಬ್ಬರು ಪ್ರಾಣವನ್ನಿಟ್ಟು ಹೊರಟವರೇ. ದೇಹಗಳು ಎತ್ತರದ ಹಿಮದಲ್ಲಿ ಬಿದ್ದಿದ್ದವು. ಅಲ್ಲಿಯವರೆಗೆ ಏರಿ ಹೋಗಬಲ್ಲವರು ಆ ಸುತ್ತಿನಲ್ಲಿ ವಿರಳ.

ಬೋರ್ಡ್‌ಮನ್ನನೂ ಟಾಸ್ಕರನೂ ಮತ್ತೆ ಹೊರಟರು. ಅವರಿಗೆ ಆ ನಾಲ್ವರ ಋಣವೇನೂ ಇರಲಿಲ್ಲ. ಮೈಯಲ್ಲಿ ತ್ರಾಣ ಉಳಿದಿರಲಿಲ್ಲ. ತಮ್ಮ ಕೆಲಸ ಮುಗಿದಿತ್ತು. ಮನೆಯ ದಾರಿ ತೆರೆದಿತ್ತು. ಆದರೂ ಅದೇ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು, ಯಾವ ಶಿಖರವೂ ಕಾದಿರದ, ಯಾವ ಕೀರ್ತಿಯೂ ಬಾರದ ಆ ಇಳಿಜಾರನ್ನು ಏರಿದರು. ನಾಲ್ವರನ್ನೂ ಹುಡುಕಿ, ಹಿಮದ ಆಳವಾದ ಬಿರುಕಿನಲ್ಲಿ ಅವರನ್ನು ಮಣ್ಣುಮಾಡುವ ಬದಲು ಹಿಮಕ್ಕೊಪ್ಪಿಸಿ ಬಂದರು. ದೂರದ ದೇಶದಲ್ಲಿ ಸತ್ತವರಿಗೆ ಕೊನೆಯ ಕರ್ತವ್ಯವನ್ನು ಮಾಡಲು ಬಂಧುಗಳು ಇರಲಿಲ್ಲ; ಹಗ್ಗ ಹಿಡಿಯಬಲ್ಲ ಇಬ್ಬರು ಅಪರಿಚಿತರೇ ಬಂಧುಗಳಾದರು. ಚಾಂಗಬಾಂಗಿನ ಯಾತ್ರೆಯಲ್ಲಿ ಅವರು ಏರಿದ ನಿಜವಾದ ಎತ್ತರ ಇದೇ ಎಂದರೆ ತಪ್ಪಾಗಲಾರದು.

ಆ ಯಾತ್ರೆಯನ್ನು ಕುರಿತು ಬೋರ್ಡ್‌ಮನ್ನನು ಒಂದು ಪುಸ್ತಕವನ್ನು ಬರೆದನು. 1978ರಲ್ಲಿ ಅದು ಪ್ರಕಟವಾಗಿ, ಮರುವರ್ಷ ಬ್ರಿಟನ್ನಿನ ಒಂದು ಹೆಸರಾಂತ ಸಾಹಿತ್ಯ ಬಹುಮಾನವನ್ನು ಪಡೆಯಿತು. ಆ ಪುಸ್ತಕದಲ್ಲಿ ಒಂದು ವಿಶೇಷವಿದೆ: ನಡುನಡುವೆ ಟಾಸ್ಕರನು ಬರೆದ ಭಾಗಗಳೂ ಸೇರಿವೆ. ಒಂದೇ ದಿನ, ಒಂದೇ ಬಂಡೆ, ಒಂದೇ ಹಗ್ಗ. ಆದರೆ ಒಬ್ಬನು ಕಂಡದ್ದು ಒಂದು, ಇನ್ನೊಬ್ಬನು ಕಂಡದ್ದು ಮತ್ತೊಂದು. ತನ್ನ ಬಗ್ಗೆ ಗೆಳೆಯನು ಬರೆದ ಕಹಿ ಮಾತನ್ನೂ ತನ್ನ ಪುಸ್ತಕದೊಳಕ್ಕೆ ಬರಮಾಡಿಕೊಳ್ಳುವುದಕ್ಕೂ ಒಂದು ಧೈರ್ಯ ಬೇಕು.

ಮುಂದೆ ಇಬ್ಬರೂ ಜೊತೆಯಾಗಿಯೇ ಹಲವು ಪರ್ವತಗಳಿಗೆ ಹೋದರು: 1979ರಲ್ಲಿ ಕಾಂಚನಗಂಗಾ, 1980ರಲ್ಲಿ ಕೆ-2, 1981ರಲ್ಲಿ ಚೀನದ ಕೊಂಗುರ್. 1982ರಲ್ಲಿ ಎವರೆಸ್ಟಿನ ಈಶಾನ್ಯ ಏಣನ್ನು ಪ್ರಾಣವಾಯುವಿನ ಸಿಲಿಂಡರುಗಳಿಲ್ಲದೆ ಏರಲು ಹೊರಟರು. ಮೇ 17ರಂದು, 8,200 ಮೀಟರಿಗೂ ಮೀರಿದ ಎತ್ತರದಲ್ಲಿ, ಕೆಳಗಿನಿಂದ ದೂರದರ್ಶಕದಲ್ಲಿ ನೋಡುತ್ತಿದ್ದ ಸಂಗಾತಿಗಳಿಗೆ ಅವರು ಕೊನೆಯ ಬಾರಿ ಕಾಣಿಸಿಕೊಂಡರು. ಆಮೇಲೆ ಅವರು ಹಿಂದಿರುಗಲಿಲ್ಲ. 1992ರಲ್ಲಿ ಕಜಕಸ್ತಾನದ ಆರೋಹಿಗಳಿಗೆ ಆ ಏಣಿನ ಮೇಲೆ ಬೋರ್ಡ್‌ಮನ್ನನ ದೇಹ ಕಂಡಿತು. ಅವರಿಬ್ಬರ ಜೋಡಿ ಹೆಸರಿನಲ್ಲಿ ಪರ್ವತ ಸಾಹಿತ್ಯಕ್ಕೆ ಒಂದು ಪ್ರಶಸ್ತಿ ಏರ್ಪಟ್ಟಿದೆ. 1984ರಲ್ಲಿ ಅದನ್ನು ಮೊದಲ ಬಾರಿಗೆ ಕೊಡಲಾಯಿತು. ಅವರು ನಡೆದ ಗಢವಾಲದ ಆ ಪ್ರದೇಶ 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1988ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇಂಥ ಸಾಹಸಗಳು ಬೇಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಮೂವತ್ತೊಂದು ಮತ್ತು ಮೂವತ್ತನಾಲ್ಕು ವರ್ಷದ ಇಬ್ಬರು ತರುಣರ ಸಾವಿನ ಮುಂದೆ ಯಾವ ಶಿಖರದ ಹೆಸರೂ ದೊಡ್ಡದಾಗಿ ಕಾಣುವುದಿಲ್ಲ. ಅವರನ್ನು ಕಾದು ಕುಳಿತ ಮನೆಯವರಿಗೆ ಅದು ಎಂದೂ ತುಂಬಿಬಾರದ ನಷ್ಟ. ಎಲ್ಲರೂ ಬಂಡೆಗಳನ್ನು ಹತ್ತಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಇನ್ನೊಬ್ಬರ ಪ್ರಾಣದ, ಮಾನದ, ನಂಬಿಕೆಯ ಹಗ್ಗವನ್ನು ಕೈಯಲ್ಲಿ ಹಿಡಿದು ನಿಲ್ಲುವ ಸರದಿ ಪ್ರತಿಯೊಬ್ಬ ಮನುಷ್ಯನಿಗೂ ಬರುತ್ತದೆ. ಅದು ಹಿಮಾಲಯದಲ್ಲಿಯೇ ಬರಬೇಕೆಂದಿಲ್ಲ. ಕಾಯಿಲೆ ಬಿದ್ದ ಗೆಳೆಯನ ಹಾಸಿಗೆಯ ಬಳಿಯಲ್ಲಿಯೋ, ಊರು ಬಿಟ್ಟು ಬಂದ ಹೊಸಬನ ಪಕ್ಕದಲ್ಲಿಯೋ ಬಂದೀತು. ಹಾಗೆ ನಿಂತವನನ್ನು ಯಾರೂ ಹಾಡಿ ಹೊಗಳುವುದಿಲ್ಲ. ಎಲ್ಲರ ಕಣ್ಣೂ ಮೇಲೆ ಹತ್ತುತ್ತಿರುವವನ ಕಡೆಗೇ ಇರುತ್ತದೆ. ಚಾಂಗಬಾಂಗಿನ ತುದಿಯಲ್ಲಿ ಆ ಗೆಳೆಯರು ನಿಂತದ್ದು ಸ್ವಲ್ಪ ಹೊತ್ತು ಮಾತ್ರ. ಒಬ್ಬನಿಗಾಗಿ ಒಬ್ಬನು ಚಳಿಯಲ್ಲಿ ನಡುಗುತ್ತಾ, ಹಗ್ಗ ಹಿಡಿದು, ಮೇಲಕ್ಕೆ ನೋಡುತ್ತಾ ನಿಂತದ್ದು ವಾರಗಟ್ಟಲೆ.